ಸಿಂಗಲ್ ಓನರ್ ಈಶ್ವರಮ್ಮ

ಈಶ್ವರಮ್ಮನಿಗೆ ಸರ್ಕಾರ ಹತ್ತೊಂಬತ್ತು ತಿಂಗಳ ಅಕ್ಕಿ ಬಾಕಿ ಇಟ್ಟುಕೊಂಡಿದೆ. ಅವಳದೊಂದು ಪಾಲು, ಮಗಳು ಪಂಕಜಾಳದೊಂದು ಪಾಲು. ಕೊಡುವುದಿಲ್ಲ ಅಂತ ಯಾರೂ ಹೇಳಿಲ್ಲ, ಕೊಡುತ್ತೇವೆ ಅಂತಲೂ ಹೇಳಿಲ್ಲ. ಕೊಡದೇ ಇರುವುದಕ್ಕೆ ಕಾರಣ ಮಾತ್ರ ಹೇಳಿದ್ದಾರೆ: ಈಶ್ವರಮ್ಮ ಸ್ವಂತಕ್ಕೆ ಗಾಡಿ ಇಟ್ಟುಕೊಂಡಿರುವ ಶ್ರೀಮಂತೆಯಂತೆ.

ಈ ಶ್ರೀಮಂತೆಗೆ ಅರವತ್ತೊಂಬತ್ತು ವರ್ಷ. ಬೆಳಗಾಗೆದ್ದು ಬಿಳೇಕಹಳ್ಳಿಯಿಂದ ಬಿಟಿಎಂ ಲೇಔಟಿಗೆ ಹೋಗಿ, ಒಂದು ಪಿಜಿಯ ಅಡುಗೆಮನೆಯಲ್ಲಿ ಈಳಿಗೆಮಣೆ ಮುಂದೆ ಕೂತು, ಎಲ್ಲೆಲ್ಲಿಂದಲೋ ಬಂದ ಹುಡುಗರ ಸಾಂಬಾರಿಗೆ ತರಕಾರಿ ಹೆಚ್ಚುತ್ತಾಳೆ. ಮಗಳು ಪಂಕಜಾ ಜಯನಗರದ ಸೀರೆ ಅಂಗಡಿಯೊಂದಕ್ಕೆ ಫಾಲ್ಸ್ ಹೊಲಿದುಕೊಡುತ್ತಾಳೆ. ಗಂಡ ಬಿಟ್ಟುಹೋದವಳು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತದೆ. ಗರ್ಭಕೋಶ ತೆಗೆಯಬೇಕು ಅಂತ ಡಾಕ್ಟರು ಹೇಳಿ, ದಿನವನ್ನೂ ಗೊತ್ತು ಮಾಡಿದ್ದರು. ಬಿಪಿಎಲ್ ಕಾರ್ಡಿದ್ದರೆ ಪೂರ್ತಿ ಬಿಟ್ಟಿ. ಇಲ್ಲದಿದ್ದರೆ ಮುಕ್ಕಾಲು ಪಾಲು ಕೈಯಿಂದ ಕಟ್ಟಬೇಕು. ಕಾರ್ಡು ಇತ್ತಲ್ಲ, ಅಮ್ಮ ಮಗಳು ನಿಶ್ಚಿಂತೆಯಾಗಿದ್ದರು.

ಆ ತಿಂಗಳೇ ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಬೇಡ ಅಂದಿತು. ಬೆರಳು ಸವೆದಿದೆಯೇನೋ ಅಂತ ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಅಂಗಡಿಯವನು, "ಬೆರಳಿನ ತಪ್ಪಲ್ಲ ಅಜ್ಜಿ, ಕಾರ್ಡೇ ರದ್ದಾಗಿದೆ. ಆಫೀಸಲ್ಲಿ ಕೇಳಿ" ಅಂದ.

ಆಫೀಸಿನಲ್ಲಿ ಕೇಳಿದಳು.

"ನಿಮ್ಮ ಹೆಸರಲ್ಲಿ ಫೋರ್ ವೀಲರ್ ಇದೆಯಲ್ಲಮ್ಮ. ವೈಟ್ ಬೋರ್ಡು. ಅಂಥೋರಿಗೆ ಬಿಪಿಎಲ್ ಬರಲ್ಲ."

"ಸ್ವಾಮಿ, ನಾನು ಬಸ್ಸಲ್ಲಿ ಬಂದೆ."

"ಬಸ್ಸಲ್ಲಾದ್ರೂ ಬನ್ನಿ, ವಿಮಾನದಲ್ಲಾದ್ರೂ ಬನ್ನಿ. ಕಂಪ್ಯೂಟರ್ ಹೇಳ್ತಿದೆ." ಅವನು ಪರದೆಯ ಮೇಲಿದ್ದ ನಂಬರನ್ನು ಓದಿದ. ಎಪ್ಪತ್ತರ ದಶಕದ ಹಳೇ ನಂಬರು.

ಈಶ್ವರಮ್ಮನಿಗೆ ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದ ಹಾಗಾಯಿತು. ಅದು ಗಂಡ ಬೈರಣ್ಣನ ಪಿಕಪ್ಪಿನ ನಂಬರು. ಬೈರಣ್ಣ ಸತ್ತು ಮೂವತ್ತು ವರ್ಷದ ಮೇಲಾಗಿತ್ತು. ಅವನು ಸತ್ತ ಮರುವರ್ಷವೇ ಗಾಡಿಯನ್ನೂ ಮಾರಿಬಿಟ್ಟಿದ್ದಳು.

ಆ ಗಾಡಿ ಅವಳ ಹೆಸರಿಗೆ ಬಂದದ್ದು ಹೀಗೆ. ಅವಳು ಮದುವೆಯಾಗಿ ಬಿಳೇಕಹಳ್ಳಿಗೆ ಕಾಲಿಟ್ಟ ವರ್ಷ ಬೈರಣ್ಣನ ಹುರುಳೀಕಾಯಿಗೆ ಮಾರ್ಕೆಟ್ಟಿನಲ್ಲಿ ಎಂದೂ ಇಲ್ಲದ ರೇಟು ಬಂತು. ಅತ್ತೆ ಕೇರಿಯವರನ್ನೆಲ್ಲ ಕರೆದು, ಸೊಸೆಯ ಕಾಲ್ಗುಣ ನೋಡಿ ಅಂದಳು. ಬೈರಣ್ಣ ಅದೇ ದುಡ್ಡು ಹಾಕಿ ಜೀಪಿನ ಮೂತಿಯ ಹೊಸ ಪಿಕಪ್ಪು ತಂದ. ತರಕಾರಿ ಸಾಗಿಸೋ ಗಾಡಿ, ಹೆಂಗಸಿನ ಹೆಸರಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಅಂತ ಹೆಂಡತಿಯ ಹೆಸರಲ್ಲೇ ರಿಜಿಸ್ಟರ್ ಮಾಡಿಸಿದ. ಪೇಂಟರ್ ಕರೆಸಿ ಗಾಡಿಯ ನೆತ್ತಿಯ ಮೇಲೆ 'ಈಶ್ವರಮ್ಮ' ಅಂತ ದಪ್ಪಕ್ಷರದಲ್ಲಿ ಬರೆಸಿದ.

ಆಮೇಲೆ ಹೊಲದ ಮೇಲೆ ಲೇಔಟು ಬಂತು. ದಾಯಾದಿಗಳ ಪಾಲು ರಸ್ತೆಯ ಪಕ್ಕಕ್ಕೆ ಬಿದ್ದು ಅವರು ಕಟ್ಟಡ ಎಬ್ಬಿಸಿ ಬಾಡಿಗೆ ತಿನ್ನುತ್ತಾ ಕೂತರು. ಬೈರಣ್ಣನ ಪಾಲು ರಸ್ತೆಗೇ ಹೋಯಿತು. ಅವನು ಕುಡಿತಕ್ಕೆ ಬಿದ್ದ, ಹೋದ. ಹೋದ ದಿನ ಅದೇ ಅತ್ತೆ, ಅದೇ ಕೇರಿಯವರ ಮುಂದೆ, ಇವಳ ಕಾಲ್ಗುಣವೇ ನನ್ನ ಮಗನನ್ನು ತಿಂತು ಅಂತ ಎದೆ ಬಡಿದುಕೊಂಡಳು. ಹೆಣ್ಣಿನ ಕಾಲಿಗೆ ಇವರು ಕಟ್ಟುವ ಬೆಲೆ ಇಷ್ಟೇ. ಹುರುಳೀಕಾಯಿ ರೇಟಿನ ಜೊತೆ ಏರುತ್ತೆ, ಇಳಿಯುತ್ತೆ.

ಅವಳಿಂದ ಗಾಡಿ ಕೊಂಡವನು ಹನುಮಂತನಗರದ ಶಾಮಿಯಾನದ ಸೀನು. ಮಾರುವಾಗ, "ಅಕ್ಕಾ, ಇಲ್ಲೊಂದು, ಇಲ್ಲೊಂದು, ಇಲ್ಲೊಂದು" ಅಂತ ಒಂದು ಕಂತೆ ಖಾಲಿ ಹಾಳೆಗಳ ಮೇಲೆ ಸೈನ್ ಹಾಕಿಸಿಕೊಂಡಿದ್ದ. ಗಾಡಿ ಮಾರುವ ಕೊಳ್ಳುವ ಎಲ್ಲರೂ ಈ ಊರಲ್ಲಿ ಹಾಗೇ ಮಾಡುವುದು. ಮಾರಿದವನು ಸೈನ್ ಹಾಕಿ ಕೈ ತೊಳೆದುಕೊಳ್ಳುತ್ತಾನೆ, ಕೊಂಡವನು ಇವತ್ತು ನಾಳೆ ಅಂತ ಜೇಬಲ್ಲಿಟ್ಟುಕೊಳ್ಳುತ್ತಾನೆ.

ಆರ್‌ಟಿಓ ಆಫೀಸಿನಲ್ಲಿ ಈಶ್ವರಮ್ಮನಿಗೆ ಕೊಟ್ಟ ಉತ್ತರ ಚುಟುಕಾಗಿತ್ತು. "ಈಗ ಗಾಡಿ ಯಾರ ಹತ್ರ ಇದೆಯೋ ಅವರು ಬಂದು ತಮ್ಮ ಹೆಸರಿಗೆ ಮಾಡಿಸ್ಕೋಬೇಕು. ನೀವೊಬ್ರೇ ಬಂದ್ರೆ ಆಗಲ್ಲ."

"ಯಾರ ಹತ್ರ ಇದೆ ಅಂತ ನೀವ್ ಹೇಳಿ."

"ನಿಮ್ಮ ಹತ್ರಾನೇ ಇದೆ ಅಂತ ತೋರಿಸ್ತಿದೆಯಲ್ಲಮ್ಮ!"

ಆಪರೇಷನ್ನಿನ ದಿನ ಬಂತು, ಹೋಯಿತು. ಪಂಕಜಾ ಹಳೇ ಸೀರೆ ಹರಿದು ಮಡಚಿಟ್ಟುಕೊಂಡು ಮಿಷನ್ ತುಳಿಯುತ್ತಲೇ ಇದ್ದಳು. ಈಶ್ವರಮ್ಮ ಪಿಜಿಗೆ ವಾರಕ್ಕೊಂದು ರಜೆ ಹಾಕಿ ಗಾಡಿ ಹುಡುಕಲು ಹೊರಟಳು.

ಸೀನು ಮುದುಕನಾಗಿದ್ದ. ಹನುಮಂತನಗರದ ಅಂಗಡಿಯಲ್ಲಿ ಮಕ್ಕಳು ಗಲ್ಲಾ ಮೇಲಿದ್ದರು, ಅವನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗೋ ಬರೋರನ್ನು ನೋಡುತ್ತಿದ್ದ. ಹೆಸರು ಹೇಳಿದ್ದೇ ತಡ ಎದ್ದು ನಿಂತ.

"ಅಕ್ಕಾ! ನೀವು! ಆ ಗಾಡಿ ಬಂದ್ಮೇಲೇ ಅಕ್ಕಾ ನಾನು ಮನುಷ್ಯ ಆಗಿದ್ದು. ಒಂದು ಶಾಮಿಯಾನ ಇದ್ದಿದ್ದು ಹತ್ತಾಯ್ತು. ಮೂರು ಹೆಣ್ಮಕ್ಕಳ ಮದುವೆ ಮಾಡ್ದೆ."

"ಸಂತೋಷ. ಹೆಸರು ಯಾಕೆ ಬದಲಾಯಿಸ್ಲಿಲ್ಲ?"

ಸೀನು ನಾಲಿಗೆ ಕಚ್ಚಿಕೊಂಡ. "ಬದಲಾಯಿಸೋಣ ಅಂತಲೇ ಇದ್ದೆ. ನಮ್ಮ ಜೋಯಿಸರು ಬೇಡ ಅಂದ್ರು. ಆ ಹೆಸರು ನಿಂಗೆ ಕೂಡಿಬಂದಿದೆ, ಮುಟ್ಬೇಡ ಅಂದ್ರು. ನಿಮ್ಮ ಹೆಸರಿನ ಬಲ ಅಕ್ಕಾ ಅದು!"

"ನನ್ ಹೆಸರಿನ ಬಲ ನಿಂಗೆ ಬಂತು, ಸರಿ. ನನಗೆ ಮಿಕ್ಕಿದ್ದೇನಪ್ಪ?"

ಸೀನು ಒಳಗಡೆ ಕೂಗಿ ಹೇಳಿ ಕಾಫಿ ತರಿಸಿದ. ಕುಡಿದು, ಗಾಡಿ ಯಾರಿಗೆ ಕೊಟ್ಟ ಅಂತ ಕೇಳಿಕೊಂಡು ಎದ್ದಳು. ಸಿದ್ದಾಪುರದ ನರ್ಸರಿಯ ಅನ್ನಪೂರ್ಣ ಅನ್ನೋರಿಗೆ. ಖಾಲಿ ಹಾಳೆಗಳ ಕಂತೆಯನ್ನೂ ಗಾಡಿಯ ಜೊತೆಗೇ ಕೊಟ್ಟಿದ್ದ, ಹೆಣ್ಣು ಕೊಡುವಾಗ ಪಾತ್ರೆ ಪಡಗ ಕೊಟ್ಟ ಹಾಗೆ.

ಸಿದ್ದಾಪುರದಲ್ಲಿ ಗಿಡ ಮಾರುವ ಸಾಲು ಅಂಗಡಿಗಳ ನಡುವೆ ಅನ್ನಪೂರ್ಣಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೈಯೆಲ್ಲ ಗೊಬ್ಬರ.

"ನಾನು ಈಶ್ವರಮ್ಮ. ನಿಮ್ಮ ಹತ್ರ ಒಂದು ಹಳೇ ಪಿಕಪ್ಪಿತ್ತಂತೆ."

ಅನ್ನಪೂರ್ಣ ಕುಂಡ ಕೆಳಗಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವ್ರೇ! ನೀವು ಮನುಷ್ಯರಾ?"

ಗಾಡಿಯ ನೆತ್ತಿಯ ಮೇಲಿದ್ದ ಹೆಸರು ಸೀನುವಿನ ಮನೆದೇವರದು ಅಂತ ಅವಳು ತಿಳಿದಿದ್ದಳು. ಸಾಗಿಬಂದ ದೇವರನ್ನು ಕೆಡಿಸಬಾರದು ಅಂತ ಹಾಗೇ ಬಿಟ್ಟು, ಪ್ರತಿ ಆಯುಧಪೂಜೆಗೂ ಆ ಹೆಸರಿಗೆ ಕುಂಕುಮವಿಟ್ಟು, ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಓಡಿಸಿದ್ದಳು. ಆರ್‌ಸಿಯನ್ನು ಪೂರ್ತಿ ಓದಿ ನೋಡಿರಲಿಲ್ಲ, ಅದರಲ್ಲಿದ್ದ ಹೆಸರನ್ನು ಬದಲಾಯಿಸುವುದೂ ಅಷ್ಟೇ ಪಾಪ ಅಂದುಕೊಂಡಿದ್ದಳು.

"ಎಡೆ ಇಡ್ತಿದ್ರಾ?" ಈಶ್ವರಮ್ಮ ಕೇಳಿದಳು.

"ಹ್ಞೂ ಅಕ್ಕಾ, ತಪ್ಪದೆ. ಮೊಸರನ್ನ, ಪುಳಿಯೋಗರೆ."

"ನನಗೆ ತಲುಪ್ಲಿಲ್ಲ ಕಣಮ್ಮ."

ಅನ್ನಪೂರ್ಣ ನಗಬೇಕೋ ಅಳಬೇಕೋ ತಿಳಿಯದೆ ಒಂದು ತುಳಸಿ ಗಿಡ ತಂದು ಕೈಗಿಟ್ಟಳು. ಈಶ್ವರಮ್ಮ ಅದನ್ನು ಅಲ್ಲೇ ವಾಪಸಿಟ್ಟಳು. "ಗಿಡ ಬೇಡ, ಗಾಡಿ ಎಲ್ಲಿ ಅಂತ ಹೇಳು."

ಗಾಡಿ ಕೆಟ್ಟು ನಿಂತು, ತೊಟ್ಟಿಯಲ್ಲಿ ಕ್ರೋಟನ್ ಕುಂಡಗಳನ್ನು ಹೊತ್ತುಕೊಂಡು ತುಕ್ಕು ಹಿಡಿಯುತ್ತಿತ್ತಂತೆ. ಎರಡು ವರ್ಷದ ಹಿಂದೆ ಜಯನಗರದ ಹುಡುಗನೊಬ್ಬ ಗಿಡ ಕೊಳ್ಳಲು ಬಂದವನು ಗಿಡ ಬಿಟ್ಟು ಗಾಡಿ ಕೊಂಡು ಹೋದನಂತೆ. ಹೆಸರು ಚೈತನ್ಯ. ಜೆಪಿ ನಗರದಲ್ಲಿ ಹೋಟೆಲ್ ಮಾಡುತ್ತಿದ್ದಾನೆ, ಗಾಡಿಯನ್ನು ಬನ್ನೇರುಘಟ್ಟ ರಸ್ತೆಯ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ರಿಪೇರಿಗೆ ಬಿಟ್ಟಿದ್ದಾನೆ.

ಬನ್ನೇರುಘಟ್ಟ ರಸ್ತೆ! ಅವಳ ಮನೆಯಿಂದ ಕೂಗಳತೆ. ಊರೆಲ್ಲ ಸುತ್ತಿ ಬಂದರೆ ಗಾಡಿ ಕಾಲ ಬುಡದಲ್ಲೇ ಇತ್ತು.

ಶೆಡ್ಡಿನಲ್ಲಿ ಗಾಡಿಯ ಚರ್ಮ ಸುಲಿದಿದ್ದರು. ಟಿಂಕರ್ ಜಬೀವುಲ್ಲಾ ಬಾಗಿಲಿನ ಮೇಲೆ ಬಣ್ಣ ಕೆರೆಯುತ್ತಿದ್ದ. ಮೇಲೆ ನರ್ಸರಿಯ ಹಸಿರು, ಅದರಡಿ ಶಾಮಿಯಾನದ ಹಳದಿ, ಎಲ್ಲಕ್ಕಿಂತ ಕೆಳಗೆ ಬೈರಣ್ಣ ಹೊಡೆಸಿದ್ದ ನೀಲಿ. ಪಕ್ಕದಲ್ಲಿ ಮೂವತ್ತೈದರ ಗಡ್ಡದ ಹುಡುಗನೊಬ್ಬ ಆ ನೀಲಿಯ ಚೂರಿಗೆ ಫೋನ್ ಹಿಡಿದು ಫೋಟೋ ಹೊಡೆಯುತ್ತಿದ್ದ.

"ಇದೇ ಶೇಡ್ ಬೇಕು ಭಾಯ್. ಎಕ್ಸಾಕ್ಟ್. ಆಮೇಲೆ ಆ ಮಡ್‌ಗಾರ್ಡ್ ನೆಗ್ಗು ಎತ್ತಬೇಡ, ಹಾಗೇ ಇರ್ಲಿ. ಅದು ಹಿಸ್ಟರಿ."

"ಹಿಸ್ಟರಿ ಅಲ್ಲ ಅದು," ಅಂದಳು ಬಾಗಿಲಲ್ಲಿ ನಿಂತ ಈಶ್ವರಮ್ಮ. "ನನ್ ಗಂಡ ಕುಡಿದು ಮಾರ್ಕೆಟ್ ಗೋಡೆಗೆ ಗುದ್ದಿದ್ದು."

ಯಾರೆಂದು ತಿಳಿದ ಮೇಲೆ ಚೈತನ್ಯ ಕುಣಿದಾಡಿದ. ಅವಳನ್ನೇ ಹುಡುಕುತ್ತಿದ್ದನಂತೆ! ಗಾಡಿಯ ಹಿಂದಿನ ಮಾಲೀಕರ ಕಥೆಯೆಲ್ಲ ಒಟ್ಟು ಮಾಡಿ ಹೋಟೆಲ್ ಗೋಡೆಗೆ ಹಾಕಬೇಕಂತೆ. ಅನ್ನಪೂರ್ಣಳ ಹತ್ತಿರ ಹೋಗಿದ್ದ, ಸೀನುವಿನ ಅಂಗಡಿಯ ವಿಡಿಯೋ ಮಾಡಿದ್ದ. ಬಿಳೇಕಹಳ್ಳಿಗೆ ಮಾತ್ರ ಬಂದಿರಲಿಲ್ಲ. ಆರ್‌ಸಿಯಲ್ಲಿ ಅವಳ ಊರೂ ಇತ್ತು, ಗಂಡನ ಹೆಸರೂ ಇತ್ತು. ಕಥೆ ಬೇಕಾಗಿತ್ತು, ಕಥೆಯವಳು ಬದುಕಿದ್ದಾಳಾ ಅಂತ ಕೇಳುವ ಪುರಸೊತ್ತಿರಲಿಲ್ಲ.

"ಆಂಟಿ, ಪ್ಲೀಸ್, ಬಾನೆಟ್ ಮೇಲೆ ಕೈಯಿಟ್ಟು ನಿಂತ್ಕೊಳ್ಳಿ. ಸಖತ್ ಫೋಟೋ ಬರತ್ತೆ. ಐವತ್ತು ವರ್ಷ ಆಯ್ತು, ಈಗ ಇದು ವಿಂಟೇಜ್!"

"ನಂಗೆ ಅರವತ್ತೊಂಬತ್ತು. ನನ್ನ ಯಾರೂ ವಿಂಟೇಜ್ ಅನ್ಲಿಲ್ಲ." ಅವಳು ಕೈಯಿಡಲಿಲ್ಲ. "ಗಾಡಿ ನಿನ್ನ ಹೆಸರಿಗೆ ಮಾಡಿಸ್ಕೋ ಮಗಾ. ನನ್ನ ಕಾರ್ಡು ರದ್ದಾಗಿದೆ. ಮಗಳ ಆಪರೇಷನ್ ನಿಂತೋಗಿದೆ."

ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ವಿಷಯ ಬಯಲಾಯಿತು. ಮೂವತ್ತು ವರ್ಷ ಅವಳ ಹೆಸರು ಯಾವುದೋ ಧೂಳಿನ ರಿಜಿಸ್ಟರಿನಲ್ಲಿ ಮಲಗಿತ್ತು, ಯಾರ ತಂಟೆಗೂ ಹೋಗಿರಲಿಲ್ಲ. ಸರಕು ಗಾಡಿಯಾಗಿದ್ದಷ್ಟು ದಿನ ಅದರಿಂದ ಕಾರ್ಡಿಗೆ ಕುತ್ತೂ ಇರಲಿಲ್ಲ. ಚೈತನ್ಯ ಗಾಡಿಯ ಮೈಯನ್ನಷ್ಟೇ ರಿಪೇರಿ ಮಾಡಿಸಲಿಲ್ಲ, ಕಾಗದವನ್ನೂ ಮಾಡಿಸಿದ. ಬ್ರೋಕರ್ ಹಿಡಿದು, ಆ ಹಳೇ ಖಾಲಿ ಸೈನುಗಳನ್ನೇ ಬಳಸಿ, ಬಾಕಿ ಟ್ಯಾಕ್ಸನ್ನು ಈಶ್ವರಮ್ಮನ ಹೆಸರಲ್ಲೇ ಕಟ್ಟಿ, ಸರಕು ಗಾಡಿಯನ್ನು ಸ್ವಂತದ ಗಾಡಿಯಾಗಿಸಿ, ವೈಟ್ ಬೋರ್ಡು ಹಾಕಿಸಿ, ಕಂಪ್ಯೂಟರಿಗೆ ಏರಿಸಿದ. ಇತ್ತ ಗಾಡಿ ಎದ್ದು ಕೂತಿತು. ಅತ್ತ ಅವಳ ಕಾರ್ಡು ಸತ್ತುಬಿತ್ತು.

"ಅಯ್ಯೋ, ಸಾರಿ ಆಂಟಿ. ನಂಗೆ ಗೊತ್ತೇ ಇರ್ಲಿಲ್ಲ," ಅಂದ ಚೈತನ್ಯ. ನಿಜವಾಗಿಯೂ ಮುಖ ಬಾಡಿತ್ತು.

"ಈಗ ಗೊತ್ತಾಯ್ತಲ್ಲ. ನಾಳೆ ಆರ್‌ಟಿಓಗೆ ಹೋಗೋಣ."

ಅಲ್ಲಿಗೆ ಹುಡುಗ ತಲೆ ಕೆರೆದುಕೊಂಡ. "ಅದೇ ಪ್ರಾಬ್ಲಂ ಆಂಟಿ. ಇದು ಸಿಂಗಲ್ ಓನರ್ ಗಾಡಿ. ಐವತ್ತು ವರ್ಷ ಒಂದೇ ಹೆಸರು. ಅದಕ್ಕೇ ವ್ಯಾಲ್ಯೂ. ನನ್ನ ಹೆಸರು ಬಂದ ತಕ್ಷಣ ಸೆಕೆಂಡ್ ಓನರ್ ಆಗೋಗತ್ತೆ. ಅರ್ಧಕ್ಕರ್ಧ ಬಿದ್ದೋಗತ್ತೆ."

"ಸೀನು ಯಾರು? ಆ ಅನ್ನಪೂರ್ಣ ಯಾರು?"

"ಅವರೆಲ್ಲ ರೆಕಾರ್ಡಲ್ಲಿಲ್ಲ ಆಂಟಿ."

ಜಬೀವುಲ್ಲಾ ಕೆರೆಯುವುದನ್ನು ನಿಲ್ಲಿಸಿ, "ಮಾಡ್ಕೊಡಿ ಸಾಬ್, ಮುದುಕಿ ಶಾಪ ಬೇಡ" ಅಂದ. ಚೈತನ್ಯ ಅವನತ್ತ ನೋಡದೆ, ಬೇರೆ ದಾರಿ ಹೇಳಿದ. ತಿಂಗಳಿಗೆ ಒಂದು ಮೂಟೆ ಸೋನಾ ಮಸೂರಿ ಮನೆಗೇ ಕಳಿಸುತ್ತಾನಂತೆ. ರೇಷನ್ ಅಕ್ಕಿಗಿಂತ ಸಾವಿರ ಪಾಲು ಮೇಲು. ಆಪರೇಷನ್ನಿಗೆ ಹೋಟೆಲಿನ ಗಿರಾಕಿಗಳಿಂದ ಚಂದಾ ಎತ್ತಬಹುದಂತೆ, ಅದೂ ಒಳ್ಳೇ ಸ್ಟೋರಿಯಾಗುತ್ತಂತೆ.

ಈಶ್ವರಮ್ಮನ ಮೈ ಉರಿದುಹೋಯಿತು. ಅವನು ಬೈದಿದ್ದರೆ ಅವಳೂ ಬೈದು ಬರುತ್ತಿದ್ದಳು. ಇವನು ಕೈಮುಗಿದು ಭಿಕ್ಷೆ ಹಾಕುತ್ತಿದ್ದ. "ನಿನ್ ಮನೆ ಅಕ್ಕಿ ಯಾವನಿಗ್ ಬೇಕೋ? ನಾನು ನನ್ ಅಕ್ಕಿ ಕೇಳ್ತಿದೀನಿ," ಅಂದು ಹೊರಗೆ ಬಂದಳು.

ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಶೆಡ್ಡಿಗೆ ಹೋದರೆ ಗಾಡಿ ಇರಲಿಲ್ಲ. ಪಂಕಜಾ ಒಂದು ಸಂಜೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ತುಟಿ ಸುಣ್ಣದ ಹಾಗಾಗಿತ್ತು. "ಬಿಡಮ್ಮ, ದೊಡ್ಡೋರ ಸಹವಾಸ" ಅಂದಳು ಮಗಳು. "ದೊಡ್ಡೋರೇನು? ಗಾಡಿ ನನ್ನ ಹೆಸರಲ್ಲಿದೆ ಕಣೇ" ಅಂದಳು ಈಶ್ವರಮ್ಮ. ಹಾಗೆಂದಾಗ ಅವಳಿಗೇ ದಾರಿ ಹೊಳೆಯಿತು. ಗಾಡಿ ನನ್ನದಲ್ಲ, ನನ್ನದಲ್ಲ ಅಂತ ಆಫೀಸು ಆಫೀಸು ಗೋಗರೆದಿದ್ದಳು. ಒಬ್ಬರೂ ನಂಬಲಿಲ್ಲ. ನನ್ನದೇ ಅಂದುಬಿಟ್ಟರೆ?

ಭಾನುವಾರ ಬೆಳಗ್ಗೆ ಜೆಪಿ ನಗರದ ಆ ಹೋಟೆಲಿನ ಮುಂದೆ ಗಿರಾಕಿಗಳ ಸಾಲು ನಿಂತಿತ್ತು. ಅಂಗಳದಲ್ಲಿ ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಅದೇ ನೀಲಿ. ಹಿಂದಿನ ತೊಟ್ಟಿಯಲ್ಲಿ ಮೇಜು, ಬೆಂಚು ಹಾಕಿ ಕೂತು ತಿನ್ನುವ ಹಾಗೆ ಮಾಡಿದ್ದರು. ಈಶ್ವರಮ್ಮ ಪಿಜಿ ಅಡುಗೆಮನೆಯ ಇಬ್ಬರು ಹೆಂಗಸರ ಜೊತೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಟ್ಟಿ ಹತ್ತಿ ಕೂತಳು. ಮೂವರೂ ಚೀಲ ಬಿಚ್ಚಿ ಹುರುಳೀಕಾಯಿ ಸೋಸಲು ಶುರುಮಾಡಿದರು. ಮಧ್ಯಾಹ್ನದ ಪಿಜಿ ಪಲ್ಯ ನಿಲ್ಲುವ ಹಾಗಿರಲಿಲ್ಲವಲ್ಲ.

ಸಪ್ಲೈಯರ್ ಓಡಿಬಂದ. "ಆಂಟಿ, ಇದು ರಿಸರ್ವ್ ಆಗಿದೆ."

"ಹ್ಞೂನಪ್ಪ, ನನ್ ಗಂಡ ಮಾಡಿಸಿರೋದು. ಎಪ್ಪತ್ತೈದರಲ್ಲಿ."

ಚೈತನ್ಯ ಬಂದ. ಮೆತ್ತಗೆ ಹೇಳಿದ, ಆಂಟಿ ಅಂದ, ಅಮ್ಮ ಅಂದ, ಆಮೇಲೆ ಗಟ್ಟಿಯಾಗಿ ಹೇಳಿದ. ಅವರು ನಾರು ತೆಗೆಯುತ್ತಲೇ ಇದ್ದರು. ಗಿರಾಕಿಗಳು ಫೋನ್ ಎತ್ತಿ ಹಿಡಿದರು. ಕಡೆಗೆ ಅವನೇ ಪೊಲೀಸರನ್ನು ಕರೆದ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತೆ ಅನ್ನುವುದು ಇದಕ್ಕೇ.

ಸಬ್‌ಇನ್ಸ್‌ಪೆಕ್ಟರ್ ಬಂದು ಕೇಳಿದ, "ಗಾಡಿ ಯಾರದ್ರೀ?"

"ನಂದು ಸಾರ್," ಅಂದ ಚೈತನ್ಯ.

"ಆರ್‌ಸಿ ತೋರ್ಸಿ."

ಆರ್‌ಸಿಯನ್ನು ತೋರಿಸುವುದಕ್ಕೆ ಒಳಗೆ ಹೋಗಬೇಕಾಗಿರಲಿಲ್ಲ. ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಅಂಗಳದ ಗೋಡೆಯ ಮೇಲೆ ತೂಗುಹಾಕಿದ್ದರು. ಸಬ್‌ಇನ್ಸ್‌ಪೆಕ್ಟರ್ ಕತ್ತೆತ್ತಿ ಓದಿದ. "ಈಶ್ವರಮ್ಮ, ಬೈರಣ್ಣನವರ ಹೆಂಡತಿ, ಬಿಳೇಕಹಳ್ಳಿ ಅಂತಿದೆಯಲ್ಲ. ಈಶ್ವರಮ್ಮ ಯಾರು?"

"ನಾನೇ ಸ್ವಾಮಿ."

"ಮತ್ತೆ ಇವ್ರು?"

"ಇವ್ರು ರೆಕಾರ್ಡಲ್ಲಿಲ್ಲ ಸ್ವಾಮಿ. ನನ್ ಗಾಡೀಲಿ ಹೋಟ್ಲು ಇಟ್ಕೊಂಡವ್ರೆ. ಬೀಗದಕೈ ಕೊಡಿಸಿ, ಮನೆಗೆ ಓಡಿಸ್ಕೊಂಡ್ ಹೋಗ್ತೀನಿ."

ಜನ ಹೋ ಅಂದರು. ಮರುದಿನ ಬಾಗಿಲು ತೆಗೆಯುವ ಮೊದಲೇ ಚೈತನ್ಯ ಆರ್‌ಟಿಓ ಮುಂದೆ ನಿಂತಿದ್ದ. ಗಾಡಿ ಅವನ ಹೆಸರಿಗಾಯಿತು. ಈಶ್ವರಮ್ಮ ಆ ಕಾಗದ ಹಿಡಿದುಕೊಂಡು ನೇರ ರೇಷನ್ ಕಾರ್ಡಿನ ಆಫೀಸಿಗೆ ಹೋದಳು.

"ಸರಿಯಾಗಿದೆ ಅಮ್ಮ. ಗಾಡಿ ಹೋಗಿದೆ. ಈಗ ಹೊಸದಾಗಿ ಅರ್ಜಿ ಹಾಕ್ಬೇಕು."

"ಹಾಕಿ."

"ಹೊಸ ಅರ್ಜಿ ಸದ್ಯಕ್ಕೆ ತಗೋತಿಲ್ಲ. ಬಿಟ್ಟಾಗ ಬನ್ನಿ."

ಕಿತ್ತುಕೊಳ್ಳುವುದಕ್ಕೆ ಕಂಪ್ಯೂಟರಿಗೆ ಅರ್ಜಿ ಬೇಕಾಗಿರಲಿಲ್ಲ. ಬೈರಣ್ಣನ ಹೆಂಡತಿಯನ್ನು ಇಡೀ ಬೆಂಗಳೂರಲ್ಲಿ ಹುಡುಕಿ ಹಿಡಿದು ಅವಳ ಅನ್ನಕ್ಕೆ ಕೈಹಾಕಿತ್ತು. ವಾಪಸು ಕೊಡುವಾಗ ಮಾತ್ರ ಅದಕ್ಕೆ ಕಣ್ಣು ಕಾಣುವುದಿಲ್ಲ. ಈಶ್ವರಮ್ಮ ಈಗ ವಾರಕ್ಕೊಮ್ಮೆ ಆ ಆಫೀಸಿನ ಬಾಗಿಲಲ್ಲಿ ಕೂರುತ್ತಾಳೆ, ಇಬ್ಬರು ಹೆಂಗಸರ ಬದಲು ಈಗ ಏಳು ಜನ ಬರುತ್ತಾರೆ. ಹೆಚ್ಚು ಕಡಿಮೆ ಎಲ್ಲರ ಕಥೆಯೂ ಇದೇ. ಒಬ್ಬಳ ಹೆಸರಲ್ಲಿ ಅಣ್ಣ ಮಾರಿದ ಆಟೋ, ಇನ್ನೊಬ್ಬಳ ಹೆಸರಲ್ಲಿ ಹಳೇ ಯಜಮಾನನ ಕಾರು. ಪಂಕಜಾ ಇವತ್ತಿಗೂ ರಕ್ತ ಕಳೆದುಕೊಳ್ಳುತ್ತಲೇ ಫಾಲ್ಸ್ ಹೊಲಿಯುತ್ತಾಳೆ.

ಇದರಲ್ಲಿ ಖಳನಾಯಕ ಯಾರೂ ಇಲ್ಲ ಅನ್ನುವುದೇ ಹೆಚ್ಚು ಸಿಟ್ಟು ಬರಿಸುವ ವಿಷಯ. ಸೀನು ಒಳ್ಳೆಯವನು, ಕಾಫಿ ಕೊಟ್ಟ. ಅನ್ನಪೂರ್ಣ ಭಕ್ತಿವಂತೆ, ಗಿಡ ಕೊಟ್ಟಳು. ಚೈತನ್ಯ ಓದಿದವನು, ಸಾರಿ ಕೇಳಿದ. ಎಲ್ಲರೂ ಅವಳ ಹೆಸರಿನ ಮೇಲೆ ಸವಾರಿ ಮಾಡಿದರು. ಹೆಸರಿನ ಒಳಗೊಬ್ಬಳು ಹೆಂಗಸಿದ್ದಾಳೆ, ಅವಳು ಉಣ್ಣುತ್ತಾಳೆ, ಅವಳಿಗೆ ಕಾಯಿಲೆ ಆಗುತ್ತದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಅವರನ್ನು ಬೈದು ಪುಟ ಮಗುಚುವ ಮೊದಲು ನೀವು ಎದ್ದು ನಿಲ್ಲಿ. ನಿಮ್ಮ ಮನೆ ಮುಂದೆ ಒಂದು ಗಾಡಿ ನಿಂತಿದೆ. ಸೆಕೆಂಡ್ ಹ್ಯಾಂಡ್ ಸ್ಕೂಟರೋ, ಕಾರೋ. ಒಳಗೆ ಹೋಗಿ ಅದರ ಆರ್‌ಸಿ ತೆಗೆದು ಹೆಸರು ಓದಿ. ನಿಮ್ಮದಲ್ಲದಿದ್ದರೆ ಆ ಹೆಸರಿನವರನ್ನು ಹುಡುಕಿ, ಅವರ ಕಾರ್ಡು ಉಳಿದಿದೆಯಾ ಅಂತ ಬಾಯಿಬಿಟ್ಟು ಕೇಳಿ. ನಾಳೆ ಬೆಳಗ್ಗೆ ಆಫೀಸಿಗೆ ರಜೆ ಹಾಕಿ ಆರ್‌ಟಿಓ ಕ್ಯೂನಲ್ಲಿ ನಿಂತು, ಓಡಿಸುತ್ತಿರುವ ಗಾಡಿಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ.